ತಪ್ಪಿಗೊಂದು ನಂಬರು

ರಾಯಚೂರಿನ ತೀನ್ ಕಂದಿಲ್ ವೃತ್ತದ ಹತ್ತಿರ ಒಂದು ಔಷಧಿ ಅಂಗಡಿಯಿದೆ. ಅದರ ಮೇಲಿನ ಮಹಡಿಯಲ್ಲಿ ಬಸವಲಿಂಗನ ಕಂಪನಿ. ಕಂಪನಿ ಎಂದರೆ ಎರಡು ಕೋಣೆ, ನಾಲ್ಕು ಕಂಪ್ಯೂಟರು, ಬಿಸಿಲು ಏರಿದರೆ ತಾನೇ ಬೆವರುವ ಒಂದು ಕೂಲರು. ಕಾಲೇಜಿನವರಿಗೆ, ಹತ್ತಿ ಜಿನ್ನಿಂಗ್ ಮಿಲ್ಲಿನವರಿಗೆ, ಮದುವೆ ಮಂಟಪದವರಿಗೆ ವೆಬ್‌ಸೈಟ್ ಮಾಡಿಕೊಡುವುದು ಅವರ ಕಸುಬು. ಸೂಫಿಯಾ ಅಲ್ಲಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಹೊಸ ಸೈಟುಗಳನ್ನು ಬಸವಲಿಂಗನೇ ಕಟ್ಟುತ್ತಿದ್ದ, ಹಳೆಯವುಗಳ ರಿಪೇರಿ ಅವಳ ಪಾಲಿಗೆ ಬರುತ್ತಿತ್ತು. ಅವಳಿಗೆ ಅದರ ಬೇಸರವೇನೂ ಇರಲಿಲ್ಲ. ಕೆಟ್ಟಿದ್ದು ಯಾಕೆ ಕೆಟ್ಟಿತು ಎಂದು ಹುಡುಕುವುದರಲ್ಲಿ ಅವಳಿಗೊಂದು ರುಚಿ ಹತ್ತಿತ್ತು.

ಜನವರಿಯ ಒಂದು ಬುಧವಾರ ಬೆಳಿಗ್ಗೆ ಡಾಕ್ಟರ್ ಚಂದ್ರಕಲಾ ಮೆಟ್ಟಿಲು ಹತ್ತಿ ಬಂದರು. ಕುರಿಗಾರರ ಸಂಘವೊಂದರ ದನದ ಡಾಕ್ಟರು ಅವರು. ಸಂಘದ ಚಿಕಿತ್ಸಾ ವ್ಯಾನು ಹತ್ತಿಕೊಂಡು ರಾಯಚೂರು, ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹೊಲ ಹೊಲ ತಿರುಗಿ ಕುರಿಗಳಿಗೆ ಮದ್ದು ಹಾಕುವುದು ಅವರ ಕೆಲಸ. ಕೆಲಸದ ನಡುವೆ ಕರೆ ಎತ್ತಲಾಗದೆಂದು ಸಂಘ ಬೇರೊಂದು ದಾರಿ ಮಾಡಿತ್ತು. ಕುರಿಗಾರರು ತಮ್ಮ ಫೋನಿನಲ್ಲಿ ಸಂಘದ ವೆಬ್‌ಸೈಟ್ ತೆರೆದು, ಕುರಿ ತಂಗುವ ಹಟ್ಟಿ ಎಲ್ಲಿ ಬಿಟ್ಟಿದೆ, ಕುರಿಗೇನಾಗಿದೆ ಎಂದು ತಮ್ಮ ಫೋನ್ ನಂಬರಿನೊಂದಿಗೆ ಬರೆದು ಕಳಿಸಿದರೆ ಸಾಕು, ಅದು ವ್ಯಾನಿನ ಫೋನಿಗೆ ಬಂದು ಬೀಳುತ್ತಿತ್ತು. ಆ ಸೈಟನ್ನು ಕಟ್ಟಿಕೊಟ್ಟವನು ಬಸವಲಿಂಗ.

ಚಂದ್ರಕಲಾ ಕುರ್ಚಿಯಲ್ಲಿ ಕೂರಲಿಲ್ಲ.

"ನಿಮ್ಮ ವೆಬ್‌ಸೈಟ್ ಜೀವಂತ ಅದ ಏನ್ರಿ ಬಸವಲಿಂಗ?"

"ಯಾಕ್ರಿ ಮೇಡಂ, ನೋಡ್ರಿ ಇಲ್ಲಿ, ಆರಾಮ ನಡದದ," ಎಂದು ಬಸವಲಿಂಗ ತನ್ನ ಪರದೆ ತಿರುಗಿಸಿ ತೋರಿಸಿದ.

"ನಡದದ ಅಂತೀರಿ. ದೇವದುರ್ಗ ಕಡಿಯಿಂದ ನನಗ ತಿಂಗಳಾತು, ಒಂದು ಸುದ್ದಿ ಬಂದಿಲ್ಲ. ನಿನ್ನಿ ಅಲ್ಲಿ ಬಸ್‌ಸ್ಟ್ಯಾಂಡಿನಾಗ ಒಬ್ಬಾಕಿ ಕುರಿಗಾರ ಹೆಣ್ಮಗಳು ನನ್ನ ಕೈ ಹಿಡದು ನಿಲ್ಲಿಸಿದ್ಲು. ಯಮನಮ್ಮ ಅಂತ. ಮೂರು ಸಲ ಕಳಿಸೀನ್ರಿ, ನೀವು ಬರಲೇ ಇಲ್ಲ, ಮರಿ ಹೋದ್ವು ಅಂದ್ಲು. ಆಕಿ ಬೈದಿದ್ರ ಚಲೋ ಇತ್ತು. ಬೈಲಿಲ್ಲ. ನಾನು ಏನಂತ ಹೇಳ್ಲಿ ಆಕಿಗಿ?"

"ಅಲ್ಲಿ ನೆಟ್‌ವರ್ಕ್ ಇರಂಗಿಲ್ರಿ ಮೇಡಂ. ಮತ್ತ ಅವರಿಗೆ ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಗೊತ್ತಾಗಂಗಿಲ್ಲ. ನಮ್ಮ ಕಡಿಯಿಂದ ಏನೂ ತಪ್ಪಿಲ್ಲ. ನಾ ದಿನಾ ಟೆಸ್ಟ್ ಮಾಡ್ತೀನಿ."

"ಸೋಮವಾರ ಮಾನ್ವಿಯೊಳಗ ಸಂಘದ ಸಭಾ ಅದ," ಎಂದರು ಚಂದ್ರಕಲಾ. "ಅಧ್ಯಕ್ಷರು ಅಂಜಿನೇಯಪ್ಪ ಇದನ್ನ ಬಂದ್ ಮಾಡೋಣು ಅನ್ನಾಕತ್ಯಾರ. ನನಗೂ ಬ್ಯಾಡ ಅನ್ನಾಕ ಬಾಯಿ ಇಲ್ಲ."

ಅವರು ಹೋದ ಮೇಲೆ ಬಸವಲಿಂಗ ಮತ್ತೊಮ್ಮೆ ಸೈಟು ತೆರೆದು "ಟೆಸ್ಟ್ ಟೆಸ್ಟ್" ಎಂದು ಹೊಡೆದು ಕಳಿಸಿದ. ಹೋಯಿತು. "ನೋಡು," ಎಂದು ಸೂಫಿಯಾಳ ಕಡೆ ಕೈ ಮಾಡಿದ. ಅವಳು ನೋಡಿದಳು. ಆದರೆ ಅವಳ ಕಿವಿಯಲ್ಲಿ ಆ ಮಾತೇ ಉಳಿದಿತ್ತು: ಮೂರು ಸಲ ಕಳಿಸೀನಿ.

ಮಧ್ಯಾಹ್ನ ಊಟಕ್ಕೆ ಅವಳು ಬಜಾರಿನಲ್ಲಿದ್ದ ಅಬ್ಬಾನ ಅಂಗಡಿಗೆ ಹೋದಳು. ಅವಳ ಅಪ್ಪ ಸೈಫುದ್ದೀನರದು ಹಗ್ಗ, ಬಲೆ, ಕುರಿಯ ಕೊರಳ ಗಂಟೆ ಮಾರುವ ಅಂಗಡಿ. ಸೂಫಿಯಾ ಶಾಲೆಯ ಚೀಲ ಹೊತ್ತಿದ್ದ ಕಾಲದಿಂದಲೂ ಕಂಬಳಿ ಹೊದ್ದ ಕುರಿಗಾರರನ್ನು ಅಂಗಡಿಯ ಕಟ್ಟೆಯ ಮೇಲೆ ಕಂಡವಳು. ಗಂಟೆಯೊಂದನ್ನು ಕಿವಿಯ ಹತ್ತಿರ ಹಿಡಿದು, ಇದರ ದನಿ ನಮ್ಮ ಹಿಂಡಿಗೆ ಒಗ್ಗಂಗಿಲ್ಲ ಎಂದು ಇನ್ನೊಂದು ಕೇಳುವ ಜನ ಅವರು. ಡಬ್ಬಿ ಬಿಚ್ಚುತ್ತ ಅವಳು ನಡೆದದ್ದನ್ನೆಲ್ಲ ಹೇಳಿದಳು.

"ಝೂಟ್ ನೈ ಬೋಲ್ತೆ ಉನೊ," ಎಂದರು ಸೈಫುದ್ದೀನ್ ಮನೆಯ ದಖ್ಖನಿಯಲ್ಲಿ. ಅವರು ಸುಳ್ಳು ಹೇಳುವವರಲ್ಲ. ಆಮೇಲೆ, ಪಕ್ಕದಲ್ಲಿ ಹಗ್ಗ ಅಳೆಯುತ್ತಿದ್ದ ಗಿರಾಕಿಗೂ ಕೇಳಲಿ ಎಂಬಂತೆ ಕನ್ನಡಕ್ಕೆ ಹೊರಳಿದರು: "ಮೂರು ಸಲ ಕಳಿಸೀನಿ ಅಂದ್ರ ಆಕಿ ಮೂರು ಸಲ ಕಳಿಸ್ಯಾಳ. ಎಲ್ಲಿ ಹೋತು ಅಂತ ನೀವು ನೋಡಬೇಕು."

ಎಲ್ಲಿ ಹೋಯಿತು ಎಂದು ನೋಡಲು ಸೂಫಿಯಾ ಸೈಟಿನ ಕೋಡ್ ತೆರೆದಳು. ನೋಡುತ್ತ ಹೋದಂತೆ ಅವಳ ಹುಬ್ಬು ಗಂಟಿಕ್ಕಿತು. ಕುರಿಗಾರರು ಕಳಿಸಿದ್ದು ಸರ್ವರಿಗೆ ಬಂದು ಡೇಟಾಬೇಸಿನಲ್ಲಿ ಕೂರುವ ಜಾಗದಲ್ಲಿ, ಏನಾದರೂ ಎಡವಟ್ಟಾದರೆ ಅದನ್ನು ಹಿಡಿದುಕೋ ಎಂದು ಬರೆದಿತ್ತು. ಹಿಡಿದುಕೊಂಡು ಏನು ಮಾಡಬೇಕು ಎಂಬುದನ್ನು ಬರೆದಿರಲಿಲ್ಲ. ಕೋಡಿನ ಎರಡು ಬ್ರಾಕೆಟ್ಟುಗಳ ನಡುವೆ ಬರೀ ಖಾಲಿ. ಯಾವ ಎರರ್ ಬಂದರೂ ಸರ್ವರು ಅದನ್ನು ಅಲ್ಲೇ ನುಂಗಿ, ಕಳಿಸಿದವರಿಗೆ "ಕ್ಷಮಿಸಿ, ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ" ಎಂಬ ಒಂದು ಸಾಲು ತೋರಿಸಿ ಸುಮ್ಮನಾಗುತ್ತಿತ್ತು. ಏನಾಯಿತು, ಯಾವಾಗಾಯಿತು, ಯಾರಿಗಾಯಿತು, ಯಾವುದೂ ಎಲ್ಲೂ ದಾಖಲಾಗುತ್ತಿರಲಿಲ್ಲ. ಎರರ್‌ಗಳನ್ನು ಸರ್ವರು ತಾನಾಗಿ ಬರೆದಿಡುವ ಲಾಗ್ ಫೈಲನ್ನೂ ಯಾರೋ ಪೂರ್ತಿ ಮುಚ್ಚಿಬಿಟ್ಟಿದ್ದರು.

"ಸರ್, ಲಾಗ್ ಯಾರು ಬಂದ್ ಮಾಡ್ಯಾರ್ರಿ?" ಎಂದು ಕೇಳಿದಳು.

ಬಸವಲಿಂಗ ಕುರ್ಚಿ ಹಿಂದಕ್ಕೆ ಸರಿಸಿದ. "ನಾನ. ಮೊದಲ ಇತ್ತು. ಸಂಘದವರಿಗೆ ಸೈಟ್ ತೋರಿಸಬೇಕು ಅಂತ ಎಲ್ಲಾರ್ನೂ ಕರಸೀನಿ, ಅವತ್ತ ಆ ಲಾಗ್ ಫೈಲ್ ಉಬ್ಬಿ ಉಬ್ಬಿ ಡಿಸ್ಕ್ ತುಂಬಿ ಸರ್ವರ್ ನಿಂತುಬಿಡ್ತು. ಎಲ್ಲಾರ ಮುಂದ ಮಾನ ಹೋತು. ಅವತ್ತಿಂದ ಬಂದ್."

"ಈಗ ತೆರಿಬೇಕ್ರಿ ಸರ್."

"ತೆರದ್ರ ಮತ್ತ ಅದ ಆಗ್ತದ."

"ಆಗಂಗಿಲ್ರಿ. ದಿನಕ್ಕೊಂದು ಹೊಸ ಫೈಲ್ ಮಾಡ್ತೀನಿ, ಹಳೇವು ತಾವ ಅಳಿಸಿಹೋಗ್ತಾವ. ಡಿಸ್ಕ್ ತುಂಬಾಕ ಬಂದ್ರ ನಮಗ ಮೊದಲ ಗೊತ್ತಾಗ್ತದ." ಅವಳು ಉಸಿರು ತೆಗೆದುಕೊಂಡು ಮುಂದಿನ ಮಾತು ಹೇಳಿದಳು. ಅದನ್ನು ಹೇಳಲು ಅವಳಿಗೆ ಸ್ವಲ್ಪ ಧೈರ್ಯ ಬೇಕಾಗಿತ್ತು. "ಇನ್ನೊಂದು, ಸರ್. ಎರರ್ ಬಂದಾಗ ಪರದಿ ಮ್ಯಾಲ ಒಂದು ನಂಬರ್ ತೋರಿಸ್ತೀನಿ. ಅದ ನಂಬರ್ ಲಾಗಿನಾಗೂ ಬರೀತೀನಿ. ಅವರು ನಂಬರ್ ಹೇಳಿದ್ರ ಸಾಕು, ಏನಾತು ಅಂತ ಇಲ್ಲಿ ಕೂತು ಹುಡುಕಬಹುದು."

"ಜನರಿಗೆ ಎರರ್ ನಂಬರ್ ತೋರಿಸಿದ್ರ ನಮ್ಮ ಸೈಟ್ ಕೆಟ್ಟದ ಅಂತ ನಾವ ಡಂಗುರ ಹೊಡದಂಗ ಆಗ್ತದವ್ವಾ."

"ಈಗ ಸೋಮವಾರ ಬಂದ್ ಆಗ್ತದಲ್ರಿ ಸರ್. ಕೆಟ್ಟದ್ದು ಯಾಕ ಅಂತ ನಮಗ ಗೊತ್ತಾಗದನ ಬಂದ್ ಆಗ್ತದ."

ಬಸವಲಿಂಗ ಕಿಟಕಿಯ ಹೊರಗೆ ನೋಡಿದ. ಕೆಳಗೆ ಆಟೋದವರು ಹಾರ್ನು ಹೊಡೆಯುತ್ತಿದ್ದರು. "ಮಾಡು," ಎಂದ ಕೊನೆಗೆ. "ಸರ್ವರ್ ನಿಂತ್ರ ನೀನ ಉತ್ತರ ಕೊಡಬೇಕು."

ಸೂಫಿಯಾ ಆ ಖಾಲಿ ಜಾಗಗಳನ್ನು ಒಂದೊಂದಾಗಿ ತುಂಬಿದಳು. ಎರರ್ ಯಾವುದು, ಯಾವ ಸಾಲಿನಲ್ಲಿ ಆಯಿತು, ಎಷ್ಟು ಹೊತ್ತಿಗೆ, ಅದರ ನಂಬರೆಷ್ಟು, ಇಷ್ಟು ಲಾಗಿಗೆ ಹೋಗುವಂತೆ ಮಾಡಿದಳು. ಕುರಿಗಾರರ ಫೋನ್ ನಂಬರು, ಅವರು ಬರೆದ ಮಾತು ಲಾಗಿನಲ್ಲಿ ಬಿದ್ದರೆ ಕಂಡಕಂಡವರ ಕಣ್ಣಿಗೆ ಬೀಳಬಹುದೆಂದು, ಸೇರದೆ ಹೋದ ಸುದ್ದಿಗಳನ್ನು ಬೇರೆಯಾಗಿ ಬೀಗ ಹಾಕಿದ ಜಾಗದಲ್ಲಿ, ಎರರ್ ನಂಬರು ಕೊಟ್ಟರೆ ಮಾತ್ರ ತೆರೆಯುವಂತೆ ಇಡಿಸಿದಳು. ಗುರುವಾರ ಹೊತ್ತು ಮುಳುಗುವ ಮುನ್ನ ಲಾಗ್ ಜೀವ ಪಡೆಯಿತು.

ಶುಕ್ರವಾರ ಬೆಳಿಗ್ಗೆ ತೆರೆದು ನೋಡಿದರೆ ಲಾಗ್ ತುಂಬ ಕಿರಿಕಿರಿ. ಈ ಹೆಸರು ಮೊದಲೇ ಘೋಷಿಸಿಲ್ಲ, ಆ ಚಿತ್ರ ಸಿಗಲಿಲ್ಲ, ಈ ವಿಧಾನ ಹಳೆಯದಾಯಿತು ಎಂದು ಸರ್ವರು ಸಾವಿರಾರು ಸಾಲು ಗೊಣಗಿತ್ತು. ಇಷ್ಟು ದಿನ ಬಾಯಿ ಕಟ್ಟಿಸಿಕೊಂಡಿದ್ದುದು ಒಮ್ಮೆಗೇ ಬಿಟ್ಟರೆ ಹೀಗೇ ಅಲ್ಲವೇ. ಅದರೊಳಗೆ ಯಮನಮ್ಮನ ಸುದ್ದಿಯನ್ನು ನುಂಗಿದ ಎರರ್ ಎಲ್ಲಿದೆ, ಇದೆಯೋ ಇಲ್ಲವೋ, ಯಾರು ಹೇಳಬೇಕು? ದೇವದುರ್ಗದವರು ಬೇಸತ್ತು ಕಳಿಸುವುದನ್ನೇ ಬಿಟ್ಟಿದ್ದರೆ ಅಲ್ಲಿ ಸಿಗುವುದಾದರೂ ಏನು?

ಕೂತು ಎಲ್ಲವನ್ನೂ ಸೋಸುವಷ್ಟು ಸಮಯ ಇರಲಿಲ್ಲ. ಸೂಫಿಯಾ ಚಂದ್ರಕಲಾ ಅವರಿಗೆ ಫೋನ್ ಮಾಡಿದಳು.

"ಮೇಡಂ, ಯಮನಮ್ಮ ಈಗ ಎಲ್ಲಿದ್ದಾರಂತ ಗೊತ್ತೇನ್ರಿ? ಅವರು ನನ್ನ ಕಣ್ಣ ಮುಂದ ಒಂದು ಸಲ ಕಳಿಸಬೇಕು."

"ನಾಳಿ ಮುಂಜಾನಿ ನಾ ದೇವದುರ್ಗಕ್ಕ ಹೊಂಟೀನಿ," ಎಂದರು ಚಂದ್ರಕಲಾ. "ಬರ್ತಿದ್ರ ಬಾ."

ಶನಿವಾರ ವ್ಯಾನು ಕಲ್ಮಲ ದಾಟಿ, ಗಬ್ಬೂರು ದಾಟಿ ದೇವದುರ್ಗದ ದಾರಿ ಹಿಡಿಯಿತು. ಡ್ರೈವರ್ ಗುರುಸಿದ್ದನಿಗೆ ಯಾವ ಹೊಲದಲ್ಲಿ ಯಾರ ಹಟ್ಟಿ ಬಿಟ್ಟಿದೆ ಎಂಬುದು ದೂರದಿಂದಲೇ ತಿಳಿಯುತ್ತಿತ್ತು. ಊರಿಗೆ ಸ್ವಲ್ಪ ಈಚೆಗೆ, ತೊಗರಿ ಕೊಯ್ದ ಹೊಲವೊಂದರಲ್ಲಿ ಬಲೆ ಕಟ್ಟಿ ಕುರಿ ತರುಬಿದ್ದರು. ಗೊಬ್ಬರವಾಗಲಿ ಎಂದು ಹೊಲದವರೇ ಕರೆಸಿದ್ದರು. ಯಮನಮ್ಮ ಒಂದು ಮರಿಯನ್ನು ಮೊಣಕಾಲ ನಡುವೆ ಹಿಡಿದು ಅದರ ಗೊರಸು ನೋಡುತ್ತಿದ್ದಳು. ಐವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ಡಾಕ್ಟರನ್ನು ಕಂಡು ಎದ್ದಳು, ನಗಲಿಲ್ಲ.

"ಈಗ ಬಂದು ಏನು ಮಾಡ್ತೀರವ್ವಾ. ಹೋದವು ಹೋದ್ವು."

ಚಂದ್ರಕಲಾ ತಲೆ ತಗ್ಗಿಸಿದರು. ಸೂಫಿಯಾ ಮುಂದೆ ಬಂದಳು.

"ಯವ್ವಾ, ನೀವು ಕಳಿಸಿದ್ದು ನಮ್ಮ ಹತ್ರ ಬಂದು ಕಳದು ಹೋಗ್ಯಾವ. ತಪ್ಪು ನಮ್ಮಲ್ಲಿ ಅದ ಅಂತ ನನಗ ಅನಸಾಕತ್ತದ. ಅದನ್ನ ಹಿಡಿಬೇಕಂತ ಬಂದೀನಿ. ಇನ್ನೊಂದು ಸಲ ಕಳಿಸ್ರಿ, ನೀವು ಯಾವಾಗ್ಲೂ ಹ್ಯಾಂಗ ಕಳಿಸ್ತೀರಿ ಹಂಗ."

ಯಮನಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಸೀರೆಯ ಸೆರಗಿಗೆ ಕೈ ಒರೆಸಿ, ಕುಪ್ಪಸದಿಂದ ಫೋನು ತೆಗೆದು, ಅದರ ಮೈಕು ಒತ್ತಿ ಬಾಯಿಯ ಹತ್ತಿರ ಹಿಡಿದಳು. "ಕುರಿಗಿ ಕಾಲ್ಬ್ಯಾನಿ ಬಂದದ್ರಿ, ಬರ್ರಿ," ಎಂದಳು. ಮಾತು ಪರದೆಯ ಮೇಲೆ ಅಕ್ಷರವಾಗಿ ಮೂಡಿತು. ಹೆಬ್ಬೆರಳು ಪರದೆಯ ಮೇಲೆ ಅಲ್ಲಿ ಇಲ್ಲಿ ಆಡಿತು. ಕಳಿಸುವ ಗುಂಡಿ ಒತ್ತಿದಳು.

ಪರದೆಯ ಮೇಲೆ ಕೆಂಪು ಪಟ್ಟಿ ಬಂತು.

"ನೋಡವ್ವಾ. ಯಾವಾಗ್ಲೂ ಕೆಂಪು. ಇವತ್ತ ಅಂಕಿ ಬಂದದ."

"ಅಂಕಿ ಓದಾಕ ಬರ್ತದೇನ್ರಿ?"

"ಅಕ್ಷರ ಬರಂಗಿಲ್ಲ. ಅಂಕಿ ಬರದಿದ್ರ ಫೋನ್ ಹ್ಯಾಂಗ ಹಚ್ಚಲಿ?" ಯಮನಮ್ಮ ಫೋನನ್ನು ಸ್ವಲ್ಪ ದೂರ ಹಿಡಿದಳು. "ನಾಕು, ಒಂದು, ಏಳು."

ಸೂಫಿಯಾ ಆಗಲೇ ಬಸವಲಿಂಗನಿಗೆ ಫೋನ್ ಹಚ್ಚಿದ್ದಳು. "ಸರ್, ಲಾಗ್ ತೆರೀರಿ. ನಾಲ್ಕು ಒಂದು ಏಳು ಹುಡುಕ್ರಿ."

ಆ ಕಡೆಯಿಂದ ಕೀಲಿಮಣೆಯ ಸದ್ದು ಕೇಳಿತು. ನೂರಾರು ಕುರಿಗಳು ಬಲೆಯೊಳಗೆ ಒಂದೇ ಸಮನೆ ಅರಚುತ್ತಿದ್ದವು. ಸೂಫಿಯಾ ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡಳು.

"ಸಿಕ್ತು," ಎಂದ ಬಸವಲಿಂಗ. ದನಿ ಬದಲಾಗಿತ್ತು. "ನೆಟ್‌ವರ್ಕ್ ಅಲ್ಲ ಇದು. ನಮ್ಮ ತನಕ ಬಂದದ. ಡೇಟಾಬೇಸ್ ಒಳಗ ಬಿಟ್ಕೊಂಡಿಲ್ಲ. ಈ ಅಕ್ಷರ ಸರಿ ಇಲ್ಲ ಅಂತ ತಿರಸ್ಕಾರ ಮಾಡ್ಯದ."

"ಯಾವ ಅಕ್ಷರ ಅಂತ ಬರದದ ಏನ್ರಿ?"

"ಎಫ್ ಸೊನ್ನಿ. ಒಂಬತ್ತು ಎಫ್. ಒಂಬತ್ತು ಸೊನ್ನಿ. ಒಂಬತ್ತು ಒಂದು."

ಸೂಫಿಯಾ ನೆಲದ ಮಣ್ಣಿನಲ್ಲಿ ಬೆರಳಿನಿಂದ ಬರೆದುಕೊಂಡಳು. ನಾಲ್ಕು ತುಂಡು. ಕಂಪ್ಯೂಟರಿನ ಒಳಗೆ ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೆ ಮೂರು ತುಂಡು ಜಾಗ ಸಾಕು. ಇಲ್ಲಿ ನಾಲ್ಕಿವೆ. ಹಾಗಾದರೆ ಇದು ಕನ್ನಡ ಅಕ್ಷರವೇ ಅಲ್ಲ.

"ಯವ್ವಾ, ನೀವು ಬರದದ್ದು ಒಂದೀಟು ತೋರಿಸ್ರಿ."

ಯಮನಮ್ಮ ಫೋನು ಕೊಟ್ಟಳು. ಮೈಕು ಬರೆದ ಮಾತಿನ ಕೊನೆಗೆ ಒಂದು ಪುಟ್ಟ ಬಿಳಿ ಕುರಿಯ ಚಿತ್ರ ನಿಂತಿತ್ತು.

"ಇದೇನ್ರಿ?"

"ಕುರಿ ಅಲ್ಲೇನು," ಎಂದಳು ಯಮನಮ್ಮ, ಇಷ್ಟೂ ತಿಳಿಯದೇ ಎಂಬಂತೆ. "ಅದು ಏನು ಬರೀತದ ನನಗೇನು ಗೊತ್ತು. ತಪ್ಪು ಬರದ್ರ? ಕುರಿ ಅಂತ ಅಂದಕೂಡ್ಲೆ ಕೆಳಗ ಕುರಿ ಚಿತ್ರ ಬರ್ತದ. ಅದನ್ನ ಒತ್ತಿದ್ರ, ಕುರಿ ಸಲುವಾಗಿ ಕಳಿಸ್ಯಾರ ಅಂತ ನೋಡಿದವರಿಗೆ ಗೊತ್ತಾಗ್ತದಲ್ಲ. ನಮ್ಮವರೆಲ್ಲಾ ಹಂಗ ಹಾಕ್ತೀವಿ."

ಸೂಫಿಯಾ ಆ ಪುಟ್ಟ ಕುರಿಯನ್ನು ನೋಡುತ್ತ ಒಂದು ಗಳಿಗೆ ಹಾಗೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟಳು. ಆಮೇಲೆ ಫೋನಿಗೆ ಹೇಳಿದಳು: "ಸರ್, ಕುರಿ ಚಿತ್ರ ಅದು. ನಮ್ಮ ಡೇಟಾಬೇಸಿನ ಟೇಬಲ್ ಒಂದಕ್ಷರಕ್ಕ ಮೂರಕ್ಕಿಂತ ಹೆಚ್ಚು ಜಾಗ ಕೊಡಂಗಿಲ್ಲ. ಚಿತ್ರಕ್ಕ ನಾಲ್ಕು ಬೇಕು. ಚಿತ್ರ ಹಾಕಿದ್ದೆಲ್ಲಾ ಹೊರಗ ಬಿದ್ದಾವ."

ಅಕ್ಷರ ಬಲ್ಲವರ ಸುದ್ದಿ ಎಲ್ಲಾ ಸೇರಿವೆ, ಅಕ್ಷರ ಬಾರದವರದು ಒಂದೂ ಸೇರಿಲ್ಲ. ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಬಸವಲಿಂಗನಿಗೂ ಹೊಳೆದಿರಬೇಕು.

"ನಾ ದಿನಾ ಟೆಸ್ಟ್ ಟೆಸ್ಟ್ ಅಂತ ಹೊಡೀತಿದ್ದೆ," ಎಂದ ಅವನು ನಿಧಾನವಾಗಿ. "ಇರು. ಮೊದಲ ಎಲ್ಲಾದ್ದು ಒಂದು ನಕಲು ಇಟ್ಕೊಂತೀನಿ. ಆಮ್ಯಾಲ ಟೇಬಲ್ ಬದಲಿ ಮಾಡ್ತೀನಿ. ಫೋನ್ ಇಡಬ್ಯಾಡ."

ಯಮನಮ್ಮನ ಗಂಡ ಮೂರು ಕಲ್ಲಿನ ಒಲೆಯ ಮೇಲೆ ಕುರಿ ಹಾಲಿನ ಚಹಾ ಕಾಸಿದ. ಅದನ್ನು ಕುಡಿದು ಮುಗಿಸುವಷ್ಟರಲ್ಲಿ ಬಸವಲಿಂಗನ ದನಿ ಬಂತು: "ಈಗ ಕಳಿಸಾಕ ಹೇಳು."

ಯಮನಮ್ಮ ಮತ್ತೆ ಮೈಕು ಒತ್ತಿ ಅದೇ ಮಾತು ಹೇಳಿದಳು, ಅದೇ ಕುರಿಯನ್ನು ಒತ್ತಿದಳು, ಕಳಿಸಿದಳು. ಹಸಿರು ಪಟ್ಟಿ ಬಂತು. ಅದೇ ಕ್ಷಣ ಚಂದ್ರಕಲಾ ಅವರ ಕೈಯಲ್ಲಿದ್ದ ವ್ಯಾನಿನ ಫೋನು ಟಣ್ ಎಂದಿತು. ಅವರು ಅದನ್ನು ಯಮನಮ್ಮನ ಮುಖದ ಮುಂದೆ ಹಿಡಿದರು. ಆ ಪರದೆಯ ಮೇಲೂ ಕುರಿ ನಿಂತಿತ್ತು.

ಯಮನಮ್ಮ ಆಗ ನಕ್ಕಳು. "ಮುಟ್ಟಿತಲ್ಲ," ಎಂದಳು ಅಷ್ಟೇ.

"ಹಿಂದಿನವು ನಮಗ ಸಿಗಂಗಿಲ್ರಿ ಯವ್ವಾ," ಎಂದಳು ಸೂಫಿಯಾ. "ಆಗ ಏನೂ ಬರದಿಡ್ತಿದ್ದಿಲ್ಲ. ನಿಮ್ಮ ಮರಿ..."

"ಆತು ಬಿಡು. ಮುಂದಿನವರದು ನೋಡು."

ಮುಂದಿನವರದು ಕಾಯಲಿಲ್ಲ. ಫೋನಿನಲ್ಲಿ ಬಸವಲಿಂಗ ಅವಳ ಹೆಸರು ಹಿಡಿದು ಕೂಗುತ್ತಿದ್ದ. ಹುಡುಕಬೇಕಾದ್ದು ಏನೆಂದು ಈಗ ಗೊತ್ತಾಗಿತ್ತಲ್ಲ, ಆ ಒಂದೇ ಸಾಲನ್ನು ಇಟ್ಟುಕೊಂಡು ಲಾಗಿನ ಗದ್ದಲವನ್ನೆಲ್ಲ ಜಾಲಾಡಿದ್ದ. ಗುರುವಾರ ಸಂಜೆಯಿಂದ ಈಚೆಗೆ ಅದೇ ಎರರ್ ನಲವತ್ತಕ್ಕೂ ಹೆಚ್ಚು ಸಲ ಬಿದ್ದಿತ್ತು. ಕುರಿ ಚಿತ್ರ, ಮೇಕೆ ಚಿತ್ರ, ಕೈಮುಗಿದ ಚಿತ್ರ. ನಂಬರು ಹಿಡಿದು ಬೀಗದೊಳಗಿನ ಸುದ್ದಿಗಳನ್ನೂ ತೆರೆದಿದ್ದ.

"ಮುಕ್ಕಾಲು ಪಾಲು ಒಂದ ಕಡಿಯಿಂದ ಬಂದಾವ, ಕಳಿಸಿದವರ ಮತ್ತ ಮತ್ತ ಕಳಿಸ್ಯಾರ. ಮಾನ್ವಿ ತಾಲ್ಲೂಕು, ಬಾಗಲವಾಡ. ಮೇಡಂಗೆ ಕೇಳಸು, ಓದ್ತೀನಿ. ಮೂಗು ಸೋರಾಕತ್ತಾವ, ಬರ್ರಿ. ಬಾಯಿ ಹುಣ್ಣಾಗ್ಯಾವ, ಮೇಯವಲ್ಲವು. ಕಣ್ಣು ಅಂಟಾಕತ್ತಾವ, ಉಚ್ಚಿಕೊಳ್ಳಾಕತ್ತಾವ..."

ಚಂದ್ರಕಲಾ ಕೈಯಲ್ಲಿದ್ದ ಚಹಾ ಲೋಟವನ್ನು ಕೆಳಗಿಟ್ಟರು. "ಹಿರೇಬ್ಯಾನಿ," ಎಂದರು. ಯಮನಮ್ಮನ ಕೈ ತಾನಾಗಿ ಬಾಯಿಗೆ ಹೋಯಿತು. ಕುರಿಗಳ ಪ್ಲೇಗಿನಂಥ ಆ ರೋಗ ಹಿಂಡಿನಿಂದ ಹಿಂಡಿಗೆ ಹೊಲ ಹಾರಿದಂತೆ ಹಾರುತ್ತದೆ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. "ಹತ್ತಿದ ಹಿಂಡು ಬ್ಯಾರೆ ಮಾಡಬೇಕು," ಎಂದರು ಡಾಕ್ಟರು. "ಸುತ್ತಲಿನ ಹಿಂಡಿಗೆಲ್ಲಾ ಇವತ್ತ ಲಸಿಕಿ ಬೀಳಬೇಕು. ಬಸವಲಿಂಗ, ನನ್ನ ಡಬ್ಬಿಯೊಳಗ ಇದ್ದದ್ದು ಸಾಲಂಗಿಲ್ಲ. ರಾಯಚೂರಿನ ಸಂಘದ ಫ್ರಿಜ್‌ನಾಗ ಉಳಿದದ್ದು ಅದ."

"ನಾ ತರ್ತೀನ್ರಿ ಮೇಡಂ," ಎಂದ ಬಸವಲಿಂಗ. "ಗಾಡಿ ಕೆಳಗ ಅದ."

ಚಂದ್ರಕಲಾ ಯಮನಮ್ಮನ ಕುರಿಗಳ ಕಾಲಿಗೆ ಮದ್ದು ಹಚ್ಚಿಸಿ, ಅಲ್ಲಿನ ಹಿಂಡಿಗೂ ಲಸಿಕೆ ಚುಚ್ಚಿ ಮುಗಿಸಿದ್ದೇ ತಡ, ಗುರುಸಿದ್ದ ವ್ಯಾನನ್ನು ಸಿರವಾರದ ದಾರಿಗೆ ತಿರುಗಿಸಿದ. ಸೂಫಿಯಾ ಮುಂದಿನ ಸೀಟಿನಲ್ಲಿ ಕೂತು, ಬಸವಲಿಂಗ ಕಳಿಸಿದ ಒಂದೊಂದು ನಂಬರಿಗೂ ಫೋನ್ ಹಚ್ಚಿದಳು. ಸೇರದೇ ಹೋಗಿದ್ದ ನಿಮ್ಮ ಸುದ್ದಿ ಸಿಕ್ಕಿದೆ, ವ್ಯಾನು ಬರುತ್ತಿದೆ, ಹಟ್ಟಿ ಎಲ್ಲಿದೆ, ಮೂಗು ಸೋರುವ ಕುರಿಗಳನ್ನು ಬೇರೆ ಕಟ್ಟಿ, ಬೇರೆ ಹಿಂಡಿನ ಜತೆ ಒಂದೇ ಹಳ್ಳದ ನೀರಿಗೆ ಬಿಡಬೇಡಿ. ಡಾಕ್ಟರು ಹೇಳಿದ್ದನ್ನೇ ಅವಳು ಹೇಳುತ್ತ ಹೋದಳು. ಕೆಲವರು ನಂಬಲಿಲ್ಲ. ಒಬ್ಬ ಮುದುಕಿ, ಬಾಲಮ್ಮ, ಬರೀ ಅತ್ತಳು. ಬಾಗಲವಾಡ ಕಾಣುವಷ್ಟರಲ್ಲಿ ಮಾತಾಡಿ ಮಾತಾಡಿ ಸೂಫಿಯಾಳ ಗಂಟಲು ಕಟ್ಟಿಹೋಗಿತ್ತು.

ಊರ ಹೊರಗೆ ಹತ್ತಿ ಬಿಡಿಸಿದ ಹೊಲಗಳ ಬದುವಿನಲ್ಲಿ ಕುರಿಗಾರರು ಕಾದು ನಿಂತಿದ್ದರು. ಚಂದ್ರಕಲಾ ಕೈಗವಸು ಏರಿಸಿ ಇಳಿದವರು ನೀರು ಕುಡಿಯಲಿಕ್ಕೂ ನಿಲ್ಲಲಿಲ್ಲ. ಹಿಂಡು ಹಿಂಡಾಗಿ ಕುರಿ ಹಿಡಿಯುವುದು, ಚುಚ್ಚುವುದು, ಗುರುತಿಗೆ ಬಣ್ಣ ಬಳಿಯುವುದು, ಬಿಡುವುದು. ಹಿಡಿಯುವ ಕೈ ಕಡಿಮೆಯಾದಾಗ ಸೂಫಿಯಾ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ತಾನೇ ಬಲೆಯೊಳಗೆ ಇಳಿದಳು. ಹುಟ್ಟಿದಾಗಿನಿಂದ ಕುರಿಗಂಟೆಗಳ ನಡುವೆ ಬೆಳೆದರೂ ಕುರಿಯೊಂದನ್ನು ಅವಳು ಹಿಡಿದಿರಲಿಲ್ಲ. ಮೊದಲನೆಯದು ಅವಳನ್ನೇ ಎಳೆದುಕೊಂಡು ಹೋಯಿತು. ನಾಲ್ಕನೆಯದು ಹೋಗಲಿಲ್ಲ.

ಡಬ್ಬಿಯ ಲಸಿಕೆ ತಳ ಕಾಣುವ ಹೊತ್ತಿಗೆ ರಸ್ತೆಯ ಮೇಲೆ ಬಸವಲಿಂಗನ ಬೈಕು ಕಂಡಿತು. ಹಿಂದಿನ ಸೀಟಿಗೆ ಐಸಿನ ಪೆಟ್ಟಿಗೆಯನ್ನು ಹಗ್ಗದಿಂದ ಬಿಗಿದಿದ್ದ. ಮುಖ, ಮೀಸೆ, ಶರ್ಟು ಎಲ್ಲಾ ಕೆಂಪು ಧೂಳು. ಪೆಟ್ಟಿಗೆ ಇಳಿಸಿ, ಕುರಿಗಾರರ ನಡುವೆ ಬಂದು ನಿಂತ. ಪ್ಯಾಂಟು ಮಡಚಿ ಅವನೂ ಬಲೆಯೊಳಗೆ ಇಳಿದ.

ಭಾನುವಾರವೂ ಅದೇ ಕೆಲಸ. ರೋಗ ಹತ್ತಿದ್ದ ಎರಡು ಹಿಂಡುಗಳಲ್ಲಿ ಕೆಲವು ಕುರಿಗಳು ಉಳಿಯಲಿಲ್ಲ. ಆದರೆ ಅದು ಆ ಎರಡು ಹಿಂಡುಗಳನ್ನು ಮುಂದೆಯೂ ದಾಟಲಿಲ್ಲ. ಸುತ್ತಲಿನ ಹಿಂಡುಗಳೆಲ್ಲ ಮೂಗು ಒಣಗಿಸಿಕೊಂಡೇ ಮೇಯುತ್ತಿದ್ದವು.

ಸೋಮವಾರ ಮಾನ್ವಿಯಲ್ಲಿ ಸಭೆ ಸೇರಿದಾಗ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಗಲವಾಡದವರು ಬಂದಿದ್ದರು, ದೇವದುರ್ಗದಿಂದ ಬಸ್ಸು ಹಿಡಿದು ಯಮನಮ್ಮ ಬಂದಿದ್ದಳು. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ, ಒಳಗೆ ಕಂಬಳಿಯ ವಾಸನೆ. ಅಧ್ಯಕ್ಷ ಅಂಜಿನೇಯಪ್ಪ ನೇರ ಮಾತಿನ ಮನುಷ್ಯ.

"ನಡದದ್ದು ಡಾಕ್ಟರ್ ಹೇಳ್ಯಾರ," ಎಂದರು. "ನಾ ಒಂದ ಮಾತು ಕೇಳ್ತೀನಿ. ಇಷ್ಟು ದಿನ ನಮ್ಮ ಮಂದಿಗೆ ಒತ್ತಾಕ ಬರಂಗಿಲ್ಲ ಅಂತಿದ್ರಿ. ತಪ್ಪು ಯಾರದು?"

ಬಸವಲಿಂಗ ಎದ್ದು ನಿಂತ. "ನಂದ್ರಿ. ಸರ್ವರ್ ತನ್ನ ತಪ್ಪು ಹೇಳಿಕೊಂತಿತ್ತು, ನಾ ಅದರ ಬಾಯಿ ಮುಚ್ಚಿದ್ದೆ. ಬಾಯಿ ಬಿಡಿಸಿದಾಕಿ ಈಕಿ." ಪಕ್ಕದಲ್ಲಿದ್ದ ಸೂಫಿಯಾಳನ್ನು ತೋರಿಸಿದ. "ಮುಂದಿಂದು ಈಕಿನ ಹೇಳ್ತಾಳ."

ಅವಳಿಗೆ ಇದು ಗೊತ್ತಿರಲಿಲ್ಲ. ಅಷ್ಟು ಜನ ಒಮ್ಮೆಗೇ ಅವಳ ಕಡೆ ತಿರುಗಿದರು. ಗಂಟಲು ಇನ್ನೂ ಸರಿಯಾಗಿರಲಿಲ್ಲ. ಆದರೂ ಎದ್ದು, ಕೆಂಪು ಪಟ್ಟಿ ಬಂದರೆ ಹೆದರಬೇಡಿ, ಅದರ ಮೇಲಿನ ನಂಬರು ಫೋನ್ ಮಾಡಿ ಹೇಳಿ, ನಾವು ಹುಡುಕಿ ಸರಿ ಮಾಡುತ್ತೇವೆ ಎಂದು ಹೇಳತೊಡಗಿದಳು. ಆಗ ನಡುಸಾಲಿನಿಂದ ಒಬ್ಬ ಮುದುಕ ಕೈ ಎತ್ತಿದ. ಕಲ್ಮಲದ ಹನುಮಂತ್ರಾಯ.

"ನಂದು ಈಗ್ಲೂ ಹೋಗವಲ್ಲದವ್ವಾ. ಈಗ ಇಲ್ಲೇ ಕುಂತು ಕಳಿಸೀನಿ. ಕೆಂಪೇ ಬಂತು."

ಅಂಜಿನೇಯಪ್ಪ ಹುಬ್ಬು ಏರಿಸಿದರು. ಬಸವಲಿಂಗನ ಮುಖದ ಬಣ್ಣ ಇಳಿಯಿತು. ಎಲ್ಲರ ಮುಂದೆ ಸೈಟು ನಿಂತ ಆ ಹಳೆಯ ದಿನ ಅವನ ಕಣ್ಣಿಗೆ ಕಟ್ಟಿತೇನೋ. ಸೂಫಿಯಾಳಿಗೆ ಮಾತ್ರ ವಿಚಿತ್ರವಾದ ಒಂದು ನೆಮ್ಮದಿ. ಇಂಥದ್ದಕ್ಕೇ ಅಲ್ಲವೇ ತಾನು ಅದನ್ನೆಲ್ಲ ಕಟ್ಟಿದ್ದು?

"ನಂಬರ್ ಹೇಳ್ರಿ ಯಪ್ಪಾ."

"ಒಂಬತ್ತು, ಸೊನ್ನಿ, ಎರಡು."

ಅವಳು ಬಸವಲಿಂಗನ ಲ್ಯಾಪ್‌ಟಾಪ್ ತೆರೆದಳು. ಗೊಣಗಾಟದ ಸಾಲುಗಳನ್ನೆಲ್ಲ ಬೇರೆ ಫೈಲಿಗೆ ಅಟ್ಟಿದ್ದರಿಂದ ಲಾಗ್ ಈಗ ತೆಳ್ಳಗಿತ್ತು. ಒಂಬತ್ತು ನೂರಾ ಎರಡು ಕೊನೆಯ ಸಾಲಿನಲ್ಲೇ ಇತ್ತು. ಕಳಿಸಿದವರ ಫೋನ್ ನಂಬರು ತಪ್ಪು, ಅಂಕಿಗಳಿಲ್ಲ ಎಂದಿತ್ತು.

"ಯಪ್ಪಾ, ನಿಮ್ಮ ಫೋನಿನಾಗ ಅಂಕಿ ಕನ್ನಡದಾಗ ಬರ್ತಾವೇನ್ರಿ?"

"ಹೌದವ್ವಾ. ಮೊಮ್ಮಗಳು ಎಲ್ಲಾ ಕನ್ನಡದಾಗ ಮಾಡಿ ಕೊಟ್ಟಾಳ. ತಪ್ಪೇನು?"

"ತಪ್ಪಿಲ್ರಿ. ಸರ್ವರಿಗೆ ಕನ್ನಡ ಅಂಕಿ ಓದಾಕ ಕಲಿಸಿದ್ದಿಲ್ಲ. ಈಗ ಕಲಿಸ್ತೀನಿ."

ಅವಳು ಕೂತು ಬರೆದಳು. ಕನ್ನಡ ಅಂಕಿ ಬಂದರೆ ಮೊದಲು ಬದಲಿಸಿಕೊಂಡು ಆಮೇಲೆ ಪರೀಕ್ಷಿಸು ಎಂಬ ಎರಡು ಸಾಲು. ಬಸವಲಿಂಗ ಅವಳ ಹೆಗಲ ಮೇಲಿಂದ ಓದಿ, ಒಂದು ಕಡೆ ಬೆರಳಿಟ್ಟು ತೋರಿಸಿದ. ಅವಳು ತಿದ್ದಿ, ತಾನೇ ಕನ್ನಡ ಅಂಕಿಯಲ್ಲಿ ಒಮ್ಮೆ ಪರೀಕ್ಷಿಸಿ, ಸರ್ವರಿಗೆ ಏರಿಸಿದಳು.

"ಈಗ ಕಳಿಸ್ರಿ ಯಪ್ಪಾ."

ಹನುಮಂತ್ರಾಯ ನಾಲಿಗೆ ಹೊರಚಾಚಿ, ತೋರುಬೆರಳಿನಿಂದ ಗಟ್ಟಿಯಾಗಿ ಒತ್ತಿದ. ವೇದಿಕೆಯ ಮೇಲೆ ಚಂದ್ರಕಲಾ ಅವರ ಮುಂದಿದ್ದ ಫೋನು ಟಣ್ ಎಂದಿತು. ಅವರು ಎತ್ತಿ ನೋಡಿದರು. ತುಟಿ ಕಚ್ಚಿ ನಗು ತಡೆಯಲು ನೋಡಿದರು, ಆಗಲಿಲ್ಲ.

"ಹನುಮಂತ್ರಾಯಪ್ಪ ಬರದದ್ದು ಓದ್ಲಿ ಏನ್ರಿ?"

"ಓದ್ರಿ, ಓದ್ರಿ," ಎಂದರು ಎಲ್ಲರೂ.

"ಸಭಾ ಮುಗದ ಮ್ಯಾಲ ಊಟ ಅದನೋ ಇಲ್ಲೋ ಅಂತ ಕೇಳ್ಯಾರ."

ಸಭೆಗೆ ಸಭೆಯೇ ನಕ್ಕಿತು. ಹಿಂದಿನಿಂದ ಯಾರೋ ಸೀಟಿ ಹೊಡೆದರು. ಅಂಜಿನೇಯಪ್ಪ ನಕ್ಕು ನಕ್ಕು ಕಣ್ಣು ಒರೆಸಿಕೊಂಡು, ವೆಬ್‌ಸೈಟ್ ಬಂದ್ ಮಾಡುವ ಮಾತು ಇನ್ನು ಯಾರೂ ಎತ್ತಬಾರದು, ಊಟ ಉಂಟು, ಮೊದಲ ಪಂಕ್ತಿಯಲ್ಲಿ ಹನುಮಂತ್ರಾಯ ಕೂರಬೇಕು ಎಂದು ಮೈಕಿನಲ್ಲಿ ಹೇಳಿದರು. ಕುರಿಗಾರರು ಚಪ್ಪಾಳೆ ತಟ್ಟುತ್ತಲೇ ಎದ್ದರು.

ಜನರ ನಡುವೆ ದಾರಿ ಮಾಡಿಕೊಂಡು ಯಮನಮ್ಮ ಸೂಫಿಯಾಳ ಹತ್ತಿರ ಬಂದಳು. ಅವಳ ಎರಡೂ ಕೆನ್ನೆಗಳ ಮೇಲೆ ಕೈ ಸವರಿ, ಬೆರಳುಗಳನ್ನು ತನ್ನ ನೆತ್ತಿಗೆ ಒತ್ತಿ ಲಟಲಟನೆ ಮುರಿದಳು. ಆಮೇಲೆ ಅವಳ ರಟ್ಟೆ ಹಿಡಿದು, "ನಡಿ, ಉಣ್ಣಾಕ," ಎಂದು ಎಳೆದುಕೊಂಡು ಹೊರಟಳು. ಹಿಂದಿನಿಂದ ಬಸವಲಿಂಗ ಲ್ಯಾಪ್‌ಟಾಪ್ ಎದೆಗವಚಿಕೊಂಡು ಬರುತ್ತಿದ್ದ. ಇಬ್ಬರು ಕುರಿಗಾರರು ಅವನ ಅಕ್ಕಪಕ್ಕ ನಡೆಯುತ್ತ, ತಮ್ಮ ತಮ್ಮ ಫೋನು ತೋರಿಸಿ ಏನೇನೋ ಕೇಳುತ್ತಿದ್ದರು. ಅವನು ಇಬ್ಬರಿಗೂ ನಿಂತು ನಿಂತು ಉತ್ತರ ಕೊಡುತ್ತಿದ್ದ.